ಎತ್ತುಹಗ್ಗ

ನೆಲ ಏಳುವ ಮುಂಚೆ, ಅಂದರೆ ತಳದ ಮರಳು ನೀರನ್ನು ಸರಿಸಿ ಮೇಲಕ್ಕೆ ಬರುವ ಮುಂಚೆ, ನಮ್ಮೂರಿನ ಹಿನ್ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಂಡದ್ದೇ ದೋಣಿಯಲ್ಲಿದ್ದವರು ಆಡುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು ಎತ್ತುಹಗ್ಗಕ್ಕೆ ಕೈ ಹಾಕುತ್ತಾರೆ. ನಮ್ಮ ಹಾಯಿದೋಣಿಗಳು ಚಿಕ್ಕವು, ತಳ ಸಪಾಟು. ತಳದ ನಡುವೆ ಉದ್ದಕ್ಕೊಂದು ಸೀಳು, ಸೀಳಿನ ಮೇಲೆ ಮರದ ಗೂಡು, ಗೂಡಿನೊಳಗೆ ಕೀಲಿನ ಮೇಲೆ ತಿರುಗುವ ಒಂದು ಭಾರದ ಹಲಗೆ. ಗಾಳಿ ಹಿಡಿದಾಗ ದೋಣಿ ಅಡ್ಡಕ್ಕೆ ಜಾರದ ಹಾಗೆ ಆ ಹಲಗೆಯನ್ನು ನೀರಿಗಿಳಿಸುತ್ತೇವೆ. ನೆಲ ಎದ್ದಾಗ ಹಗ್ಗ ಜಗ್ಗಿ ಅದನ್ನು ಗೂಡಿನೊಳಕ್ಕೆ ಎಳೆದು ಹಗ್ಗವನ್ನು ಗೂಟಕ್ಕೆ ಸುತ್ತುತ್ತೇವೆ. ಹಲಗೆ ಒಳಗೆ ಬಂತೆಂದರೆ ದೋಣಿ ಕಾವಿಗೆ ಕೂತ ಕೋಳಿಯ ಹಾಗೆ ಮರಳಿನ ಮೇಲೆ ತಣ್ಣಗೆ ಕೂರುತ್ತದೆ. ಆಮೇಲೆ ನೆಲ ಇಳಿಯುವ ತನಕ ಕಾಯುವುದಷ್ಟೇ ಕೆಲಸ. ಯಾರ ಪಕ್ಕದಲ್ಲಿ ಸಿಕ್ಕಿಕೊಂಡೆವೋ ಅವರ ಜೊತೆ ಬುತ್ತಿ ಹಂಚಿಕೊಳ್ಳಬೇಕು, ಮಾತು ಬಿಟ್ಟವರಾದರೂ ಸರಿ. ನಮ್ಮೂರಿನ ಎಷ್ಟೋ ಮದುವೆಗಳು ಕುದುರಿದ್ದು, ಎಷ್ಟೋ ಜಗಳಗಳು ಮುಗಿದದ್ದು ಹೀಗೆ ಎದ್ದ ನೆಲದ ಮೇಲೆ ಕೂತೇ.

ಏಳುವಾಗ ನೆಲಕ್ಕೆ ಅವಸರವಿಲ್ಲ. ಭಯವಿರುವುದು ಇಳಿಯುವಾಗ. ಸೊಂಟದಷ್ಟು ನೀರು ಬಂದು ದೋಣಿಗಳೆಲ್ಲ ತೇಲತೊಡಗಿದ ಮೇಲೆ, ನಿದ್ದೆಯಲ್ಲಿದ್ದವರು ಮಗ್ಗುಲು ಬದಲಿಸುವ ಹಾಗೆ ನೆಲ ಒಂದು ಸಲ ಗಕ್ಕನೆ ಮೇಲಕ್ಕೆ ಎಗರುತ್ತದೆ. ಹಲಗೆಯನ್ನು ಕೆಳಗೇ ಬಿಟ್ಟ ದೋಣಿಯನ್ನು ಆ ಒಂದು ಏಟು ಸೀಳಿ ಹಾಕುತ್ತದೆ. ಅದರಲ್ಲಿದ್ದವರನ್ನು ಸುಳಿ ಎಳೆದುಕೊಳ್ಳುತ್ತದೆ. ಮಗ್ಗುಲಿಗೆ ಸಿಕ್ಕಿದ ಅನ್ನುತ್ತಾರೆ ಅಂಥವರನ್ನು. ಹೀಗಾಗಿ ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯ ದೋಣಿಗೆ ಯಾರ ಹಗ್ಗ ಅಂತ ವಿಚಾರಿಸುವವರು ಈಗಲೂ ಇದ್ದಾರೆ.

ಒಂದು ಕಾಲದಲ್ಲಿ ಹಾಗೆ ವಿಚಾರಿಸಿದಾಗ ಶೇಸಿಯ ಹಗ್ಗ ಅಂದರೆ ಸಾಕಿತ್ತು. ಶೇಸಿ ಅಂದರೆ ನಾನೇ. ಉಪ್ಪುನೀರಿನಲ್ಲಿ ಕೊಳೆಹಾಕಿ ಬಡಿದ ತೆಂಗಿನ ನಾರು, ಮೂರು ಎಳೆ. ಅದರಲ್ಲೊಂದನ್ನು ಮತ್ತಿ ಮರದ ತೊಗಟೆಯ ರಸದಲ್ಲಿ ಅದ್ದಿ ಕೆಂಪು ಮಾಡುತ್ತಿದ್ದೆ. ಆ ಕೆಂಪೆಳೆ ನನ್ನ ಗುರುತು. ಊರಿನ ಅರ್ಧಕ್ಕಿಂತ ಹೆಚ್ಚು ದೋಣಿಗಳಲ್ಲಿ ಅದು ಕಾಣುತ್ತಿತ್ತು, ನನ್ನ ಗಂಡ ನಾರ್ಣನ ದೋಣಿಯಲ್ಲೂ. ಅವನು ಒಂದು ಬೆಳಿಗ್ಗೆ ಬಲೆ ಹಾಕಲು ಹೊರಗಿನ ಹಿನ್ನೀರಿಗೆ ಹೋದ. ಅವತ್ತು ನೆಲ ಎದ್ದಿತು, ಇಳಿಯಿತು, ಎಲ್ಲರೂ ಬಂದರು. ಅವನು ಬರಲಿಲ್ಲ. ಹುಡುಕಿದವರಿಗೆ ದೋಣಿಯೂ ಸಿಗಲಿಲ್ಲ. ಮಗ್ಗುಲಿಗೆ ಸಿಕ್ಕಿದ, ಹಗ್ಗ ತುಂಡಾಗಿರಬೇಕು ಎಂದರು.

ನನ್ನ ಮುಖದೆದುರು ಯಾರೂ ಹಾಗೆನ್ನಲಿಲ್ಲ. ಹಗ್ಗ ಬೇಕೇನೋ ಅಂತ ನಾನೇ ಕೇಳಿದರೆ, "ಹಳೇದೇ ಗಟ್ಟಿ ಉಂಟು ಶೇಸಿ, ಮುಂದೆ ಕಾಣುವ" ಎನ್ನುತ್ತಿದ್ದರು. ಒಂದೊಂದೇ ದೋಣಿಯಿಂದ ಕೆಂಪೆಳೆ ಕಾಣೆಯಾಯಿತು. ದೋಣಿ ಕಟ್ಟುವ ದಕ್ಕೆಯ ಪಕ್ಕದಲ್ಲಿ ಐತಪ್ಪ ಎನ್ನುವವನು ಹೊರಗಿನಿಂದ ನೈಲಾನ್ ಹಗ್ಗ ತಂದು ಅಂಗಡಿ ಹಾಕಿದ. ನನ್ನ ಅತ್ತೆ ಅಕ್ಕಣಿಯಮ್ಮ ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಮಗನ ಬೊಜ್ಜದ ಊಟ, ಉತ್ತರಕ್ರಿಯೆ ಮುಗಿದ ಮಾರನೆಯ ದಿನ ನನ್ನ ನಾರಿನ ಗೋಣಿಗಳನ್ನು ಜಗಲಿಯಿಂದೆತ್ತಿ ಹಿತ್ತಲಿನ ಸೌದೆ ಕೊಟ್ಟಿಗೆಗೆ ಹಾಕಿದರು, ಅಷ್ಟೇ. ನಾನೂ ತಡೆಯಲಿಲ್ಲ. ಎಲ್ಲಿ ಎಳೆ ಸಡಿಲವಾಗಿತ್ತು, ಯಾವ ಗಳಿಗೆಯಲ್ಲಿ ನನ್ನ ಗಮನ ತಪ್ಪಿತ್ತು ಎಂದು ಆ ಹಗ್ಗವನ್ನು ಮನಸ್ಸಿನಲ್ಲೇ ಮೊದಲಿನಿಂದ ಹೊಸೆಯುತ್ತ ವರ್ಷಗಟ್ಟಲೆ ಕಳೆದೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದೆ. ಹಿನ್ನೀರಿನ ಆಚೆ ಕುಂಬಾರರಿರುವ ನಡುಗಡ್ಡೆ, ನಾವು ಕುದುರು ಅನ್ನುತ್ತೇವೆ, ಅಲ್ಲಿಂದ ಮಡಕೆ ತುಂಬಿಕೊಂಡು ಬಂದು ಊರಿನಲ್ಲಿ ಮಾರುವುದು. ಅತ್ತೆ ಜೊತೆಗೆ ಬರುತ್ತಿದ್ದರು. ಅವರ ಕಣ್ಣು ಮಂಜಾಗಿತ್ತು. ಆದರೆ ಮಡಕೆಯನ್ನು ಬೆರಳಿನಿಂದ ತಟ್ಟಿ ಬಿರುಕು ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಆ ದಿನವೂ ನಾವಿಬ್ಬರೇ ಇದ್ದೆವು. ಕುದುರಿನಿಂದ ಹೊರಟಾಗ ಗಾಳಿ ಎದುರಾಯಿತು. ನೇರ ದಾರಿಯಲ್ಲಿ ಹೋದರೆ ಹೊತ್ತು ಮುಳುಗುತ್ತದೆ ಅಂತ ನಾನು ಹೊರಗಿನ ಹಿನ್ನೀರಿನ ಕಡೆಯಿಂದ ಸುತ್ತಿಕೊಂಡು ಹೊರಟೆ. ಆ ಕಡೆಗೆ ಯಾರೂ ಹೆಚ್ಚು ಹೋಗುವುದಿಲ್ಲ. ಅತ್ತೆ ಮಡಕೆಗಳ ನಡುವೆ ಹುಲ್ಲು ತುರುಕುತ್ತ ಯಾರದೋ ಸೀಮಂತದ ಸುದ್ದಿ ಹೇಳುತ್ತಿದ್ದರು. ಸೂರ್ಯ ನೆತ್ತಿಯಿಂದ ಸ್ವಲ್ಪ ಜಾರಿದ್ದ. ನೀರು ಬೆಳ್ಳಗಾಯಿತು.

ನಾನು ಚುಕ್ಕಾಣಿ ಬಿಟ್ಟು ಎತ್ತುಹಗ್ಗ ಹಿಡಿದು ಜಗ್ಗಿದೆ. ಹಲಗೆ ಅರ್ಧ ಬಂತು. ಇನ್ನೊಂದು ಸಲ ಜಗ್ಗಿದ್ದೇ ಹಗ್ಗ ನನ್ನ ಕೈಯೊಳಗೇ ಹಗುರಾಯಿತು. ನಾನು ಹಿಂದಕ್ಕೆ ಮಡಕೆಗಳ ಮೇಲೆ ಬಿದ್ದೆ. ಐತಪ್ಪನ ನೈಲಾನ್ ಹಗ್ಗ ಗೂಡಿನ ಮೇಲಿನ ರಾಟೆಯ ಹತ್ತಿರ ಉಜ್ಜಿ ಉಜ್ಜಿ ಸವೆದು ಹೋಗಿತ್ತು. ತುದಿಯಲ್ಲಿ ಬಿಳಿಯ ಕುಚ್ಚು. ಉಳಿದ ತುಂಡು ಹಲಗೆಯ ಜೊತೆಗೇ ಗೂಡಿನೊಳಗೆ ಇಳಿದು ಹೋಯಿತು.

"ಎಂತ ಆಯ್ತೆ?" ಎಂದರು ಅತ್ತೆ.

"ಹಗ್ಗ ಹೋಯ್ತು ಅತ್ತೆ. ಅಂಚು ಗಟ್ಟಿ ಹಿಡ್ಕೊಳ್ಳಿ."

ಕೆಳಗಿನಿಂದ ನೆಲ ಬಂದು ಹಲಗೆಗೆ ಮುಟ್ಟಿದ್ದು ಕಾಲಿನ ಅಡಿಗೆ ಗೊತ್ತಾಯಿತು. ಗೂಡು ಕಿರ್ರೆಂದಿತು. ದೋಣಿ ಮೇಲೆದ್ದು, ಒಂದು ಕ್ಷಣ ಹಾಗೇ ಹಲಗೆಯ ಮೇಲೆ ನಿಂತು, ಎಡಕ್ಕೆ ಒರಗಿತು. ಮಡಕೆಗಳು ಒಂದರ ಮೇಲೊಂದು ಉರುಳಿ ಒಡೆಯುವ ಸದ್ದು ಬಹಳ ಹೊತ್ತು ಕೇಳಿದ ಹಾಗಾಯಿತು. ಅದು ನಿಂತಾಗ ನಾನು ಹಸಿ ಮರಳಿನ ಮೇಲೆ ಮಂಡಿಯೂರಿದ್ದೆ. ಅತ್ತೆ ಪಕ್ಕದಲ್ಲಿ ಕೂತು ಸೆರಗಿನಿಂದ ಮೊಣಕೈಯ ರಕ್ತ ಒರೆಸಿಕೊಳ್ಳುತ್ತಿದ್ದರು. ಸುತ್ತಲೂ ನೀರಿಲ್ಲ. ಕಣ್ಣು ಹಾಯುವ ತನಕ ಬೂದು ಮರಳು, ಅಲ್ಲಲ್ಲಿ ಹೊಂಡಗಳಲ್ಲಿ ಬಡಿದುಕೊಳ್ಳುವ ಮೀನು. ದೋಣಿ ಪಕ್ಕಕ್ಕೆ ಮಲಗಿತ್ತು. ಹಲಗೆ ಹೊಟ್ಟೆಯಿಂದ ಹೊರಗೆ ಚಾಚಿಕೊಂಡಿತ್ತು.

ಹೊರಗಿನ ಹಿನ್ನೀರಿನಲ್ಲಿ ಎದ್ದ ನೆಲ ಬೇಗ ಇಳಿಯುವುದಿಲ್ಲ. ಸಂಜೆಯ ತನಕ ಸಮಯವಿದೆ ಎಂದುಕೊಂಡೆ. ದೋಣಿಯನ್ನು ನೆಟ್ಟಗೆ ಮಾಡಿ, ಹಲಗೆಯನ್ನು ಒಳಕ್ಕೆ ತಳ್ಳಿ, ಹೊಸ ಹಗ್ಗ ಕಟ್ಟಿದರೆ ಬದುಕಿದೆವು. ಹಗ್ಗವಿಲ್ಲದಿದ್ದರೆ ದೋಣಿ ತೇಲಿದ್ದೇ ಹಲಗೆ ತಾನಾಗಿ ಕೆಳಗೆ ಜಾರುತ್ತದೆ. ಆಮೇಲೆ ಬರುವುದು ಆ ಏಟು. ಹಾಯಿಯ ಹಗ್ಗವನ್ನು ಮುಟ್ಟಿ ನೋಡಿದೆ. ಅದು ತೆಳು, ಹಲಗೆಯ ಭಾರ ತಡೆಯುವಂಥದ್ದಲ್ಲ. ನೀರೆತ್ತುವ ಹಗ್ಗ ಗಿಡ್ಡ, ಲಂಗರಿನದು ರಾಟೆಗೆ ಹಿಡಿಸದಷ್ಟು ದಪ್ಪ. ಆಗ ಅತ್ತೆ, "ಶೇಸಿ, ಅಲ್ಲಿ ಕಪ್ಪಗೆ ನಿಂತದ್ದು ಎಂತದು ಕಾಣು. ನನ್ನ ಕಣ್ಣೋ?" ಎಂದರು.

ಅವರ ಕಣ್ಣಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ದೋಣಿ ಇತ್ತು. ಯಾರೋ ನಮ್ಮ ಹಾಗೆ ಸಿಕ್ಕಿಕೊಂಡಿದ್ದಾರೆ ಎಂದುಕೊಂಡೆ. ಅವರ ಹತ್ತಿರ ಹಗ್ಗ ಇದ್ದೀತು. ಅತ್ತೆಯ ಕೈ ಹಿಡಿದುಕೊಂಡು ಹೊರಟೆ. ಹತ್ತಿರ ಹೋದಂತೆ ಅದರಲ್ಲಿ ಯಾರೂ ಇಲ್ಲ ಅಂತ ಕಂಡಿತು. ಇನ್ನೂ ಹತ್ತಿರ ಹೋದಾಗ ಅದರ ಮೈತುಂಬ ಚಿಪ್ಪು ಅಂಟಿದ್ದು, ಅಂಚಿನ ತನಕ ಹೂಳು ತುಂಬಿದ್ದು ಕಂಡಿತು. ಬಹಳ ಕಾಲ ನೀರಿನಡಿಯಲ್ಲಿದ್ದ ದೋಣಿ. ನೆಲ ಏಳುವಾಗ ಒಂದೊಂದು ಸಲ ಒಂದೊಂದನ್ನು ಮೇಲಕ್ಕೆ ತರುತ್ತದೆ, ಮುರಿದ ಹುಟ್ಟು, ಸತ್ತ ಮರ, ಲಂಗರು. ಹಾಗೇ ಇದೂ ಇರಬೇಕು ಎಂದುಕೊಂಡೆ. ಆಮೇಲೆ ಅದರ ಮೂತಿಯ ಮೇಲಿನ ತಗಡಿನ ಪಟ್ಟಿ ಕಂಡೆ. ಆ ಪಟ್ಟಿಯನ್ನು ನಾನೇ ಎಣ್ಣೆ ಡಬ್ಬದಿಂದ ಕತ್ತರಿಸಿ ಹೊಡೆದಿದ್ದೆ.

ನನ್ನ ಕಿವಿ ಕಟ್ಟಿಹೋಯಿತು. ಅತ್ತೆ ಏನೋ ಕೇಳುತ್ತಿದ್ದರು, ಅವರ ತುಟಿ ಮಾತ್ರ ಕಾಣುತ್ತಿತ್ತು. ದೋಣಿಯ ಅಂಚಿನ ಮೇಲೆ ಒಂದು ಸಣ್ಣ ಏಡಿ ಅಡ್ಡಡ್ಡಕ್ಕೆ ಹೋಗುತ್ತಿತ್ತು. ಅದು ಕೊನೆ ಮುಟ್ಟಿ ಕೆಳಗೆ ಬೀಳುವ ತನಕ ನಾನು ಅದನ್ನೇ ನೋಡುತ್ತ ನಿಂತೆ.

"ನಾರ್ಣನ ದೋಣಿ ಅತ್ತೆ," ಎಂದೆ.

ಅತ್ತೆ ಎರಡೂ ಕೈ ಮುಂದೆ ಚಾಚಿ ನಡೆದು ದೋಣಿಯನ್ನು ಮುಟ್ಟಿದರು. ಎಲುಬು ಏನಾದರೂ ಸಿಗುತ್ತದೇನೋ ಅಂತ ಹುಡುಕುವವರ ಹಾಗೆ ಹೂಳಿನೊಳಗೆ ಕೈಯಾಡಿಸಿದರು. ನಾನೂ ಇನ್ನೊಂದು ಕಡೆಯಿಂದ ಅದಕ್ಕೇ ಹುಡುಕತೊಡಗಿದೆ. ದೋಣಿ ಒಡೆದಿರಬೇಕಿತ್ತು. ಒಡೆದಿರಲಿಲ್ಲ. ತಳ ಸಪಾಟಾಗಿ ನೆಲಕ್ಕೆ ಕೂತಿತ್ತು. ಸ್ವಲ್ಪ ಆಚೆ ಲಂಗರನ್ನು ಮರಳಿನಲ್ಲಿ ಹೂತು ಮೇಲೊಂದು ಕಲ್ಲು ಹೇರಲಾಗಿತ್ತು, ತೇಲಿ ಹೋಗಬಾರದು ಅಂತ. ಅದರ ಹಗ್ಗ ಗಿಡ್ಡ, ನೀರು ಏರಿದಾಗ ದೋಣಿ ಮೇಲೇಳಲಾರದೆ ತುಂಬಿ ಮುಳುಗಿರಬೇಕು. ಹುಟ್ಟುಗಳೆರಡನ್ನೂ ಕೂರುವ ಹಲಗೆಯಡಿಗೆ ಸೇರಿಸಿಡಲಾಗಿತ್ತು. ಹಾಯಿ ಕೊಳೆತು ಚಿಂದಿಯಾಗಿತ್ತು. ಆದರೆ ಅದನ್ನು ಸುರುಳಿ ಸುತ್ತಿ ಕಟ್ಟಿದ್ದ ನಾರಿನ ದಾರಗಳು ಹಾಗೇ ಇದ್ದವು, ಒಂದೊಂದು ಗೇಣಿಗೆ ಒಂದೊಂದು ಗಂಟು. ನಾನು ಗೂಡಿನ ಮೇಲಿನ ಹೂಳನ್ನು ಬಾಚಿ ತೆಗೆದೆ. ಹಲಗೆ ಮೇಲಿತ್ತು. ಪೂರ್ತಿ ಮೇಲಿತ್ತು. ಎತ್ತುಹಗ್ಗ ಗೂಟಕ್ಕೆ ಸುತ್ತಿತ್ತು. ನಾರ್ಣ ಎಡಚ. ಅವನ ಸುತ್ತು ಬೇರೆಯವರದಕ್ಕೆ ವಿರುದ್ಧವಾಗಿರುತ್ತಿತ್ತು. ಆ ಸುತ್ತೇ ಅದು. ಬೆರಳಿನಿಂದ ಉಜ್ಜಿದಾಗ ಕೆಸರಿನಡಿಯಿಂದ ಕೆಂಪೆಳೆ ಕಂಡಿತು.

ಹಗ್ಗದ ತುದಿಯಲ್ಲಿ ಏನೋ ಗಟ್ಟಿಯಾದದ್ದು ಕಟ್ಟಿತ್ತು. ಪಾಚಿ ತೆಗೆದು ಅತ್ತೆಯ ಅಂಗೈಯಲ್ಲಿಟ್ಟೆ. ಅವರು ಬೆರಳಿನಿಂದ ತಡವಿದರು. ಹಸಿರುಗಟ್ಟಿದ ಹಿತ್ತಾಳೆಯ ಬೀಗದ ಕೈ. ನಮ್ಮ ಮನೆಯದು. ಅವನು ಹೋದ ಮೇಲೆ ಆ ಬೀಗಕ್ಕೆ ಉಳಿದದ್ದು ಒಂದೇ ಕೈ ಅಂತ ಬೀಗವನ್ನೇ ಬದಲಿಸಿದ್ದೆವು.

ಅತ್ತೆ ಮರಳಿನ ಮೇಲೆ ಕೂತುಬಿಟ್ಟರು. "ಹಾಯಿ ಮಡಚಿಟ್ಟಿದ್ದಾನಾ?" ಎಂದರು.

"ಹ್ಞಾಂ. ಗಂಟು ಹಾಕಿ ಇಟ್ಟಿದ್ದಾರೆ."

"ಮನೇಲಿ ಒಂದು ದಿವಸ ತನ್ನ ಹಾಸಿಗೆ ಮಡಚಿದವನಲ್ಲ."

ನಾನು ಅತ್ತ ಕಡೆ ನೋಡಿದೆ. ಮರಳು ಮುಗಿಯುವಲ್ಲಿ ಆಚೆಯ ದಡದ ಗಾಳಿಮರಗಳು ಸಣ್ಣದಾಗಿ ಕಾಣುತ್ತಿದ್ದವು. ಅಲ್ಲಿಂದ ಮುಂದೆ ಬೇರೆಯವರ ಸೀಮೆ, ಡಾಂಬರು ರಸ್ತೆ, ಬಸ್ಸು. ನೆಲ ಎದ್ದಿರುವಾಗ ನಡೆದರೆ ಮುಟ್ಟಬಹುದು. ಯಾರೂ ಹಾಗೆ ನಡೆಯುವುದಿಲ್ಲ, ದೋಣಿ ಬಿಟ್ಟು ಹೋಗುವುದು ಎಲ್ಲಿಗೆ ಅಂತ. ಅವನು ನಡೆದಿದ್ದ. ಹಲಗೆ ಎತ್ತಿ, ಹಾಯಿ ಕಟ್ಟಿ, ಲಂಗರು ಹೂತು, ಬೀಗದ ಕೈಯನ್ನು ಕಂಡವರಿಗೆ ಕಾಣುವ ಹಾಗೆ ಕಟ್ಟಿ, ಕೊಡೆ ಹಿಡಿದುಕೊಂಡು ನಡೆದಿದ್ದ. ಅವನು ಅವತ್ತು ಮನೆಯಿಂದ ತಂದಿದ್ದ ಕೊಡೆ ದೋಣಿಯಲ್ಲಿರಲಿಲ್ಲ, ಚಪ್ಪಲಿಯೂ ಇರಲಿಲ್ಲ.

"ನಿಮ್ಮೊಳಗೆ ಜಗಳ ಎಂತಾದ್ರೂ ಆಗಿತ್ತಾ ಶೇಸಿ? ಈಗಾದ್ರೂ ಹೇಳು."

"ಇಲ್ಲ ಅತ್ತೆ. ನಿಮ್ಮಾಣೆ ಇಲ್ಲ."

ಇರಲಿಲ್ಲ. ಜಗಳವಾಗಿದ್ದಿದ್ದರೆ ಹಿಡಿದುಕೊಳ್ಳಲಿಕ್ಕೆ ಏನಾದರೊಂದು ಸಿಗುತ್ತಿತ್ತು. ಅವತ್ತು ಬೆಳಿಗ್ಗೆ ಗಂಜಿಗೆ ಉಪ್ಪಿನಕಾಯಿ ಎರಡನೇ ಸಲ ಕೇಳಿ ಹಾಕಿಸಿಕೊಂಡಿದ್ದ. ನುಗ್ಗೆಮರದ ಕೊಂಬೆ ಹಂಚಿಗೆ ತಾಗುತ್ತಿದೆ, ಬಂದು ಕಡಿಯುತ್ತೇನೆ ಎಂದಿದ್ದ. ಬಂದು ಕಡಿಯುತ್ತೇನೆ ಎಂದವನು ಕೊಡೆ ತೆಗೆದುಕೊಂಡು ಹೋಗಿದ್ದ. ನನ್ನ ಗಂಟಲಿನಿಂದ ಒಂದು ಸದ್ದು ಹೊರಟಿತು. ಅಳು ಬರುತ್ತದೆ ಎಂದುಕೊಂಡರೆ ಬಂದದ್ದು ನಗುವಿನಂಥದ್ದು. ಬಾಯಿಗೆ ಸೆರಗು ತುರುಕಿಕೊಂಡೆ. ಇವನಿಗಾಗಿ ಕುಂಕುಮ ಅಳಿಸಿದೆ. ಇವನು ಸತ್ತ ಹಗ್ಗ ಅಂತ ನನ್ನ ಕೈಯನ್ನು ನಾನೇ ನೋಡಲಾರದೆ ಕೂತೆ. ಆ ಹಗ್ಗ ಇಲ್ಲಿ, ಒಂದು ಎಳೆಯೂ ಬಿಡದೆ, ಅವನು ಕೊಟ್ಟ ಕೆಲಸವನ್ನು ಇನ್ನೂ ಮಾಡುತ್ತಿತ್ತು.

ಎಷ್ಟು ಹೊತ್ತು ಹಾಗಿದ್ದೆವೋ. ಹೊಂಡಗಳ ನೀರು ಅಲುಗಿದ್ದನ್ನು ನೋಡಿ ನನಗೆ ಎಚ್ಚರವಾಯಿತು. "ಅತ್ತೆ, ಹಗ್ಗ ಬೇಕು. ನೀರು ಬರ್ತದೆ," ಎಂದೆ. ಹೇಳಿದೆನೇ ಹೊರತು ಆ ಸುತ್ತನ್ನು ಬಿಚ್ಚಲು ನನ್ನ ಕೈ ಬರಲಿಲ್ಲ. ಅವನ ಕೈಯಿಂದಾದದ್ದು ಈ ಲೋಕದಲ್ಲಿ ನನಗೆ ಉಳಿದಿದ್ದರೆ ಅದೊಂದೇ. ಅತ್ತೆ ಎದ್ದು ಬಂದರು. ತಡಕಿ ಗೂಟ ಹಿಡಿದು, ಒಂದೊಂದೇ ಸುತ್ತು ಬಿಚ್ಚಿದರು. ಬಿಚ್ಚಿ ಮುಗಿದಾಗ ಒಳಗಿನ ಹಲಗೆ ಧಡ್ಡೆಂದು ಒಂದಿಷ್ಟು ಇಳಿಯಿತು. ಅತ್ತೆ ಬೆಚ್ಚಿಬಿದ್ದರು. ಆಮೇಲೆ ಬೀಗದ ಕೈಯ ಗಂಟನ್ನು ಹಲ್ಲಿನಿಂದ ಸಡಿಲಿಸಿ, ಅದನ್ನು ದೋಣಿಯ ಹೂಳಿನೊಳಗೆ ಎಸೆದರು. "ಅದು ಯಾವ ಬೀಗಕ್ಕೂ ಆಗೂದಿಲ್ಲ ಈಗ. ನಡೆ," ಎಂದರು. ಹಲಗೆಗೆ ಕಟ್ಟಿದ್ದ ತುದಿಯ ಗಂಟನ್ನು ನಾನು ಮರಳು ಬಗೆದು ಕೈ ತೂರಿಸಿ ಕೊಯ್ದುಕೊಂಡೆ.

ನಮ್ಮ ದೋಣಿಗೆ ಮರಳಿದೆವು. ಅದು ಪಕ್ಕಕ್ಕೆ ಮಲಗಿದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಗಿತ್ತು. ಎತ್ತುಹಗ್ಗ ಹಾಕಬೇಕಾದರೆ ದೋಣಿಯನ್ನು ಹಾಗೇ ಮಲಗಿಸಬೇಕು. ಐತಪ್ಪನ ಹಗ್ಗದ ಉಳಿದ ಗಂಟನ್ನು ಹಲಗೆಯ ಮೂಲೆಯ ತೂತಿನಿಂದ ಕುಟ್ಟಿ ತೆಗೆದೆ. ಕಷ್ಟವಿದ್ದದ್ದು ಹೊಸದನ್ನು ಒಳಗೆ ದಾಟಿಸುವುದರಲ್ಲಿ. ಹಳೆಯ ಹಗ್ಗ ತುಂಡಾಗದೆ ಇದ್ದರೆ ಅದರ ಬಾಲಕ್ಕೆ ಹೊಸದನ್ನು ಕಟ್ಟಿ ಎಳೆದುಬಿಡಬಹುದಿತ್ತು. ಈಗ ಗೂಡಿನ ಮೇಲಿನ ರಾಟೆಯಿಂದ ಕೆಳಗಿನ ಸೀಳಿನ ತನಕ ಕತ್ತಲೆ. ದೋಣಿ ಗುಡಿಸುವ ಕಡ್ಡಿಪೊರಕೆಯಿಂದ ಉದ್ದನೆಯ ಕಡ್ಡಿಯೊಂದನ್ನು ಎಳೆದು, ಅದರ ತುದಿಗೆ ನನ್ನ ಸೆರಗಿನಿಂದ ಹರಿದ ನೂಲು ಕಟ್ಟಿ, ರಾಟೆಯ ಮೇಲಿಂದ ಒಳಗೆ ತೂರಿಸಿದೆ. ಅತ್ತೆ ಕೆಳಗೆ ಮರಳಿನ ಮೇಲೆ ಅಂಗಾತ ಮಲಗಿ ಸೀಳಿನೊಳಗೆ ಎರಡು ಬೆರಳು ಹಾಕಿ ಕಾದರು.

"ಬಂತಾ ಅತ್ತೆ?"

"ಇಲ್ಲ. ಎಡಕ್ಕೆ ತಳ್ಳು. ಇನ್ನೂ. ಅದು ಮರಕ್ಕೆ ತಾಗ್ತಾ ಉಂಟು. ಹಿಂದೆ ತಗೋ, ಈಗ ಬಿಡು. ಹ್ಞಾಂ, ಸಿಕ್ತು."

ನೂಲಿಗೆ ಹಗ್ಗ ಕಟ್ಟಿ ಅವರು ಕೆಳಗಿನಿಂದ ಬಿಡುತ್ತ ಹೋದರು, ನಾನು ಮೇಲಿನಿಂದ ಎಳೆದೆ. ಹಗ್ಗ ಉಬ್ಬಿತ್ತು. ರಾಟೆಯ ಹತ್ತಿರ ಎರಡು ಸಲ ಸಿಕ್ಕಿಕೊಂಡಿತು. ಎಂಜಲು ಹಚ್ಚಿ, ತಿರುವಿ, ಹೇಗೋ ದಾಟಿಸಿದೆ. ತೂತಿನ ಹೊರಗೆ ಗಂಟು ಹಾಕಿ ಕಾಲು ಕೊಟ್ಟು ಬಿಗಿದೆ. ಆಮೇಲೆ ಇಬ್ಬರೂ ಸೇರಿ ಹಲಗೆಯನ್ನು ಗೂಡಿನೊಳಕ್ಕೆ ತಳ್ಳಿ, ತಳದಡಿಯ ಮರಳು ಬಗೆದು, ಹುಟ್ಟನ್ನು ಮೀಟುಗೋಲು ಮಾಡಿ ದೋಣಿಯನ್ನು ನೆಟ್ಟಗೆ ಕೂರಿಸುವಷ್ಟರಲ್ಲಿ ನೀರು ಹಿಮ್ಮಡಿ ಮುಟ್ಟಿತ್ತು. ಒಡೆದ ಮಡಕೆಯ ಚೂರುಗಳನ್ನು ಹೊರಗೆಸೆದೆವು. ಹಗ್ಗವನ್ನು ಗೂಟಕ್ಕೆ ಸುತ್ತಿ ನಾನು ಅದರ ಮೇಲೆ ಕೈಯಿಟ್ಟುಕೊಂಡೇ ಕೂತೆ.

ದೋಣಿ ತೇಲಿತು. ಅವನ ದೋಣಿ ಮುಳುಗುವುದನ್ನು ಇಬ್ಬರೂ ನೋಡಿದೆವು. ಅಂಚು, ಆಮೇಲೆ ಹಾಯಿಯ ಕೋಲು, ಆಮೇಲೆ ಏನೂ ಇಲ್ಲ. ಅಷ್ಟರಲ್ಲಿ ಏಟು ಬಂತು. ಹಲ್ಲಿಗೆ ಹಲ್ಲು ಬಡಿಯಿತು. ತಳ ನೆಲಕ್ಕೆ ಅಪ್ಪಳಿಸಿ ಮತ್ತೆ ಎಗರಿತು. ಗೂಡಿನೊಳಗೆ ಹಲಗೆ ಜಿಗಿದು ಹಗ್ಗ ಬಿಗಿಯಾಗಿ ಕೈಯಡಿಯಲ್ಲಿ ನಡುಗಿತು. ಹಿಡಿದುಕೊಂಡಿತು. ಇಷ್ಟು ವರ್ಷ ಕೆಸರಿನಲ್ಲಿದ್ದ ನಾರು ಹಿಡಿದುಕೊಂಡಿತು. ನನಗೆ ಸಂತೋಷವಾಗಬೇಕಿತ್ತು. ಎದೆಯೊಳಗೆ ಯಾರೋ ಒದ್ದ ಹಾಗಾಯಿತು.

ಮನೆಯ ದಾರಿಯಲ್ಲಿ ನಾನು, "ಯಾರಿಗೂ ಹೇಳೂದು ಬೇಡ ಅತ್ತೆ" ಎಂದೆ. ಹೇಳಿದರೆ ನನ್ನ ಹಗ್ಗದ ಮೇಲಿನ ಮಾತು ಹೋಗುತ್ತದೆ, ನಿಜ. ಆದರೆ ಅವರ ಮಗ, ಊರೆಲ್ಲ ಅಯ್ಯೋ ಅಂದಿದ್ದ ಮಗ, ಹೆಂಡತಿಯನ್ನೂ ತಾಯಿಯನ್ನೂ ಬಿಟ್ಟು ಓಡಿದವನಾಗುತ್ತಾನೆ. ಈ ವಯಸ್ಸಿನಲ್ಲಿ ಅವರಿಗೆ ಅದು ಬೇಡ ಅನ್ನಿಸಿತು. ನನಗಾದರೂ ಗಂಡ ಸತ್ತವಳು ಅನ್ನಿಸಿಕೊಂಡು ಅಭ್ಯಾಸವಾಗಿತ್ತು. ಗಂಡ ಬಿಟ್ಟವಳು ಅನ್ನಿಸಿಕೊಳ್ಳುವ ಧೈರ್ಯ ಇರಲಿಲ್ಲ. ಅತ್ತೆ ಕಾಲಿಗೆ ಸಿಕ್ಕಿದ ಮಡಕೆಯ ಚೂರೊಂದನ್ನು ಎತ್ತಿ ನೀರಿಗೆ ಹಾಕಿದರು. ಒಪ್ಪಿದರು ಅಂದುಕೊಂಡೆ.

ದಕ್ಕೆಯಲ್ಲಿ ಸಂಜೆಯ ಜನ ಇದ್ದರು. ನಮ್ಮ ಬರಿದೋಣಿ ನೋಡಿ ಐತಪ್ಪ ಅಂಗಡಿಯಿಂದ ಇಳಿದು ಬಂದ. "ಮಡಕೆ ಎಲ್ಲಿ ಅಕ್ಕಣಿಯಮ್ಮ?" ಎಂದು ಕೇಳಿದವನ ಕಣ್ಣು ಗೂಟದ ಮೇಲೆ ಹೋಯಿತು. ಹತ್ತಿರ ಬಗ್ಗಿ ನೋಡಿದ. "ಇದು ನಿನ್ನ ಹಗ್ಗ ಅಲ್ವಾ ಶೇಸಿ? ಕೆಂಪು ಉಂಟು. ಎಲ್ಲಿತ್ತು ಇದು?"

"ಮನೇಲಿ ಹಳೇದು ಒಂದು," ಎಂದು ಶುರುಮಾಡಿದೆ.

"ನಾರ್ಣನ ದೋಣೀದು," ಎಂದರು ಅತ್ತೆ. ಅವರು ದೋಣಿಯಲ್ಲೇ ಎದ್ದು ನಿಂತಿದ್ದರು. ದನಿ ಏರಿಸಲಿಲ್ಲ, ಆದರೆ ದಕ್ಕೆಯ ಕೊನೆಯ ತನಕ ಕೇಳಿತು. "ಹೊರಗಿನ ಹಿನ್ನೀರಲ್ಲಿ ಸಿಕ್ತು. ಹಲಗೆ ಮೇಲಿತ್ತು. ಹಗ್ಗ ಸುತ್ತಿಟ್ಟಿದ್ದ. ನನ್ನ ಮಗ ಸತ್ತಿಲ್ಲ, ನಡ್ಕೊಂಡು ಹೋಗಿದ್ದಾನೆ. ನನ್ನ ಸೊಸೆ ಹೊಸೆದ ಹಗ್ಗ ತುಂಡಾಗ್ಲಿಲ್ಲ. ಇಷ್ಟು ವರ್ಷ ನೀವೂ ತಿಳ್ಕೊಂಡದ್ದು ತಪ್ಪು, ನಾನೂ ತಿಳ್ಕೊಂಡದ್ದು ತಪ್ಪು." ಆಮೇಲೆ ನನ್ನ ಕಡೆ ಕೈ ಚಾಚಿ, "ಇಳಿಸು ನನ್ನನ್ನ," ಎಂದರು.

ನಾವು ಮೆಟ್ಟಿಲು ಹತ್ತಿ ಮನೆಗೆ ಬಂದೆವು.

ಹಗ್ಗದ ವಿಷಯಕ್ಕೆ ಜನ ಬರುತ್ತಾರೆ ಅಂದುಕೊಂಡಿದ್ದೆ. ಕ್ಷಮೆಯ ಮಾತು ಯಾರಾದರೂ ಆಡಿದರೆ ಏನು ಹೇಳಲಿ ಎಂದು ಯೋಚಿಸಿಟ್ಟುಕೊಂಡಿದ್ದೆ. ಮಾರನೆಯ ದಿನ ಮೀನು ಕೊಯ್ಯುತ್ತಿದ್ದಾಗ ಮೊದಲು ಬಂದವಳು ಕೆಳಗಿನ ಕೇರಿಯ ಗಿರ್ಜಿ. ಅವಳ ಗಂಡ ಸುಬ್ಬಣ್ಣ, ನಾರ್ಣ ಹೋಗುವುದಕ್ಕೂ ಮುಂಚೆ ಮಗ್ಗುಲಿಗೆ ಸಿಕ್ಕಿದವನು. ಅವಳು ಕೂರಲಿಲ್ಲ. "ಅಲ್ಲಿ ಇನ್ನೊಂದು ದೋಣಿ ಇತ್ತಾ ಶೇಸಿ?" ಎಂದಳು.

ಇತ್ತು. ದೂರದಲ್ಲಿ ಮರಳಿನಿಂದ ಹೊರಟ ಕೂವೆಯ, ಹಾಯಿ ಕಟ್ಟುವ ಕಂಬದ, ತುದಿಯೊಂದು ಕಂಡಿತ್ತು. ನಾನು ಅತ್ತ ಹೋಗಿರಲಿಲ್ಲ. ಹಾಗೇ ಹೇಳಿದೆ.

"ಹಲಗೆ ಮೇಲಿತ್ತಾ, ಕೆಳಗಿತ್ತಾ?"

"ಗೊತ್ತಿಲ್ಲ ಗಿರ್ಜಿ. ಕೂವೆ ಮಾತ್ರ ಕಂಡದ್ದು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅವತ್ತು ಬೆಳಿಗ್ಗೆ ನಂಗೂ ಅವ್ರಿಗೂ ಮಾತಾಗಿತ್ತು. ಸಣ್ಣ ಮಾತು. ನನ್ನ ತವರಿಗೆ ಹೋಗುವ ವಿಷಯ. ಅಷ್ಟಕ್ಕೇ ಹೋಗಿಬಿಡ್ತಾರಾ ಯಾರಾದ್ರೂ?" ನನ್ನ ಉತ್ತರಕ್ಕೆ ಕಾಯದೆ ಹೊರಟುಹೋದಳು.

ಆಮೇಲೆ ಇನ್ನೂ ಹಲವರು ಬಂದರು. ಅಣ್ಣನನ್ನು ಕಳೆದುಕೊಂಡವರು, ಅಪ್ಪನನ್ನು ಕಳೆದುಕೊಂಡವರು. ಎಲ್ಲರ ಪ್ರಶ್ನೆಯೂ ಒಂದೇ. ಎಷ್ಟೋ ವರ್ಷದಿಂದ ಹಾರ ಹಾಕಿದ ಫೋಟೋಗಳ ಕೆಳಗೆ ಜನ ನಿಂತು ಆ ಮುಖಗಳನ್ನು ಬೇರೆ ಥರ ನೋಡತೊಡಗಿದ್ದರು. ಕೆಲವರು ಸಿಟ್ಟು ಮಾಡಿದರು. ಮಗನನ್ನು ಕಳೆದುಕೊಂಡ ಬಾಬಣ್ಣ ಅಂಗಳದಲ್ಲೇ ನಿಂತು, "ನೀವು ಬಾಯಿ ಮುಚ್ಕೊಂಡಿದ್ರೆ ಎಂತ ಹೋಗ್ತಿತ್ತು? ಪಿಂಡ ಇಟ್ಟ ಕೈ ಇದು. ಈಗ ನಾನು ಎಲ್ಲಿ ಅಂತ ಹುಡುಕ್ಲಿ ಅವನನ್ನ?" ಎಂದ. ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ಆಡಿದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡರೂ ಊರು ಅದನ್ನು ಮರೆಯುವಂತಿರಲಿಲ್ಲ. ಹಗ್ಗ ಹೊಸೆದು ಕೊಡು ಎಂದು ಒಂದಿಬ್ಬರು ಕೇಳಿದ್ದೂ ಉಂಟು. ನಾನು ಏನು ಹೇಳಿದೆನೋ ನನಗೆ ನೆನಪಿಲ್ಲ.

ಆ ಮೇಲಿನ ದಿನಗಳಲ್ಲಿ ದೋಣಿಗಳು ಒಳಗಿನ ಹಿನ್ನೀರು ಬಿಟ್ಟು ಹೊರಗೆ ಹೋಗತೊಡಗಿದವು. ಬಲೆ ಇಲ್ಲದೆ, ಸರಕಿಲ್ಲದೆ, ಬಹಳವಾಗಿ ಹೆಂಗಸರೇ ಇರುವ ದೋಣಿಗಳು. ಅಲ್ಲಿ ಲಂಗರು ಹಾಕಿ ನೀರಿನ ಬಣ್ಣ ನೋಡುತ್ತ ಕೂತಿರುತ್ತಿದ್ದರು. ಅತ್ತೆಯೂ ಹೋಗೋಣ ಎಂದರು. ಯಾಕೆ ಎಂದು ನಾನು ಕೇಳಲಿಲ್ಲ.

ಒಂದು ಬೆಳಿಗ್ಗೆ ನೀರು ಬೆಳ್ಳಗಾಯಿತು. ಎಲ್ಲ ದೋಣಿಗಳಲ್ಲೂ ಹಗ್ಗಗಳು ಮೇಲೆ ಬಂದವು. ನೆಲ ಎದ್ದು ನಮ್ಮನ್ನು ಕೂರಿಸಿಕೊಂಡಿತು. ಯಾರೂ ಬುತ್ತಿ ಬಿಚ್ಚಲಿಲ್ಲ, ಪಕ್ಕದವರನ್ನು ಮಾತಾಡಿಸಲಿಲ್ಲ. ಗಿರ್ಜಿ ಮೊದಲು ಇಳಿದಳು. ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು, ಹಿಂದೆ ತಿರುಗಿ ನೋಡದೆ ನಡೆದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಬೇರೆ ಬೇರೆ ದಿಕ್ಕಿಗೆ ಚದುರಿದರು. ಮರಳಿನಲ್ಲಿ ಅಲ್ಲಲ್ಲಿ ಕಪ್ಪಗೆ ಏನೇನೋ ಎದ್ದಿತ್ತು. ಅತ್ತೆ ಇಳಿಯಲಿಲ್ಲ. ನಾನೂ ಇಳಿಯಲಿಲ್ಲ. ನಾರ್ಣನ ದೋಣಿ ಈ ಸಲ ಎಲ್ಲೂ ಕಾಣಲಿಲ್ಲ.

ಬಿಸಿಲೇರಿದ ಮೇಲೆ ದೂರದಿಂದ ಒಂದು ಕೂಗು ಬಂತು. ಗಿರ್ಜಿಯ ದನಿ. ಮೊದಲು ಅದು ಅಳುವೆಂದುಕೊಂಡೆ. ಗಾಳಿ ಈ ಕಡೆ ತಿರುಗಿದಾಗ ಮಾತು ಬಿಡಿಸಿ ಕೇಳಿತು. "ಕೆಳಗುಂಟು. ಹಲಗೆ ಕೆಳಗೇ ಉಂಟು. ಹಗ್ಗ ತುಂಡಾಗಿ ಹೋಗಿದೆ, ಬಂದು ಕಾಣಿ." ಅವಳು ಒಡೆದ ದೋಣಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ಚಿಪ್ಪು ತುಂಬಿದ ಮರಕ್ಕೆ ಕೆನ್ನೆ ಒತ್ತಿಕೊಂಡು, ನಗುತ್ತ ಅಳುತ್ತ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ಹತ್ತಿರ ಓಡಿದ ಹೆಂಗಸರು ಬಾಯಿಗೆ ಕೈಯಿಟ್ಟುಕೊಂಡು ಸುತ್ತ ನಿಂತಿದ್ದರು. ಅವಳನ್ನು ಸಮಾಧಾನ ಮಾಡಬೇಕೋ, ಅವಳ ಜೊತೆ ನಗಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ.

"ಎಂತದಂತೆ?" ಎಂದರು ಅತ್ತೆ.

"ಗಿರ್ಜಿಗೆ ದೋಣಿ ಸಿಕ್ತು ಅತ್ತೆ. ಹಲಗೆ ಕೆಳಗೇ ಇತ್ತಂತೆ, ಹಗ್ಗ ತುಂಡಾಗಿ. ಸುಬ್ಬಣ್ಣ ಅವತ್ತೇ ತೀರಿಹೋದದ್ದು."

ಅತ್ತೆ ಕೂಗು ಬಂದ ಕಡೆಗೆ ಮುಖ ಮಾಡಿದರು.

"ಪುಣ್ಯ ಮಾಡಿದ್ದಾಳೆ ಹೆಣ್ಣು," ಎಂದರು.

ಆಮೇಲೆ ಸೆರಗನ್ನು ತಲೆಯ ಮೇಲಿನಿಂದ ಮುಖದ ತನಕ ಎಳೆದುಕೊಂಡರು. ಅವರ ಭುಜಗಳು ಅಲುಗತೊಡಗಿದವು. ಮಗ ಸತ್ತನೆಂದು ಅವರು ಅತ್ತದ್ದನ್ನು ನಾನು ಹಿಂದೆ ನೋಡಿದ್ದೆ. ಬದುಕಿದ್ದಾನೆಂದು ಅತ್ತದ್ದು ಅಂದೇ ಮೊದಲು. ನಾನು ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ. ಮರಳಿನ ಮೇಲೆ ಉಳಿದ ಹೆಂಗಸರು ಇನ್ನೂ ನಡೆಯುತ್ತಲೇ ಇದ್ದರು.